ಹಾಜಿ ಅಬ್ದುಲ್ಲಾ ಸಾಹೇಬರ ಎರಡು ತಿಜೋರಿಗಳು

ಕೃಷ್ಣಾ ದಂಡೆಯ ಸತ್ತಿಯಿಂದ ಹಿಡಿದು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯವರೆಗಿನ ಕಬ್ಬಿನ ಸೀಮೆಯಲ್ಲಿ ಓಡಾಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಸಣ್ಣಪುಟ್ಟ ಊರುಗಳಲ್ಲೂ ಪತ್ತಿನ ಸಹಕಾರ ಸಂಘದ್ದೋ ಸೌಹಾರ್ದ ಸಹಕಾರಿಯದ್ದೋ ಒಂದು ಫಲಕ ತೂಗುತ್ತಿರುತ್ತದೆ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಕೈಗೆ ಬಂದ ರೈತ ಅದರಲ್ಲೊಂದು ಪಾಲನ್ನು ಅಲ್ಲಿ ಠೇವಣಿ ಇಡುತ್ತಾನೆ. ಇಡುವ ಮುನ್ನ ಸಂಘದ ಅಢಾವೆ ಪತ್ರಿಕೆಯನ್ನು ಆತ ಕೇಳುವುದು ಅಪರೂಪ. ಅದು ಯಾರ ಸಂಘ, ಯಾವ ಗೌಡರದು, ಯಾವ ಸಾಹುಕಾರರದು ಎಂಬುದನ್ನು ಮಾತ್ರ ತಪ್ಪದೆ ವಿಚಾರಿಸುತ್ತಾನೆ. ಹೊಲ, ಮನೆ, ಕಾರ್ಖಾನೆಯ ಷೇರು ಎಲ್ಲವೂ ಇರುವ ಮನುಷ್ಯನ ಹೆಸರು ಫಲಕದ ಮೇಲಿದ್ದರೆ ತನ್ನ ಹಣ ಭದ್ರ ಎಂಬುದು ಅವನ ಲೆಕ್ಕ. ಬೆಂಗಳೂರಿನ ಖಾಸಗಿ ಬ್ಯಾಂಕೊಂದರ ತಣ್ಣನೆಯ ಕೋಣೆಯಲ್ಲಿ ಕುಳಿತು, ತನ್ನ ಸಂಪತ್ತಿನ ಉಸ್ತುವಾರಿಗೆಂದೇ ನೇಮಕವಾದ ಅಧಿಕಾರಿ ಮುಂದಿಟ್ಟ ಕಾಗದಗಳಿಗೆ ಸಹಿ ಹಾಕುವ ಕೋಟ್ಯಧೀಶನ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯದಲ್ಲ. ಅವನೂ ನಂಬುವುದು ಹೆಸರನ್ನೇ.

ಶ್ರೀಮಂತನೊಬ್ಬನ ಹೆಸರಿಗೂ ಜನರ ಹಣದ ಭದ್ರತೆಗೂ ಇರುವ ನಂಟು ಎಂಥದು? ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಉಡುಪಿಯ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಕರಾವಳಿಯ ಜನ ಅವರನ್ನು ಇಂದಿಗೂ ಕೊಡುಗೈ ದಾನಿಯೆಂದು ನೆನೆಯುತ್ತಾರೆ. ಆ ನೆನಪು ನಿಜವಾದುದೇ. ಆದರೆ ದಾನದ ಕತೆಗಳ ಅಬ್ಬರದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ, ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದಾದ ಕೆಲಸ, ಮಸುಕಾಗಿದೆ.

ಹಾಜಿ ಅಬ್ದುಲ್ಲಾ ಹುಟ್ಟಿದ್ದು 1882ರಲ್ಲಿ, ಉಡುಪಿಯ ಸಿರಿವಂತ ವರ್ತಕ ಮನೆತನದಲ್ಲಿ. ಆಗ ಉಡುಪಿ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಒಂದು ದೇವಸ್ಥಾನದ ಪಟ್ಟಣ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಉಡುಪಿ ರೈಲಿನ ಮುಖ ಕಾಣಲು ಕೊಂಕಣ ರೈಲ್ವೆಯ ತನಕ ಕಾಯಬೇಕಾಯಿತು. ನೆಲದ ದಾರಿಯಲ್ಲಿ ಹೊಳೆಗೊಂದರಂತೆ ಕಡವು. ಹೀಗಾಗಿ ವ್ಯಾಪಾರವೆಂದರೆ ಮುಖ್ಯವಾಗಿ ಕಡಲ ವ್ಯಾಪಾರ. ಹಾಯಿಹಡಗುಗಳಲ್ಲಿ ಸರಕು ಹೋಗುತ್ತಿತ್ತು, ಬರುತ್ತಿತ್ತು. ಅದರೊಂದಿಗೆ ಕರಾವಳಿಯ ವರ್ತಕರ ಮನೆಗಳಿಗೆ ಹಣವೂ ಬರುತ್ತಿತ್ತು.

ಹಾಗೆ ಬಂದ ಹಣವನ್ನು ಆ ಕಾಲದ ಶ್ರೀಮಂತರು ಏನು ಮಾಡುತ್ತಿದ್ದರು? ಮೊದಲ ಆಯ್ಕೆ ಭೂಮಿ. ಗೇಣಿ ಬರುತ್ತದೆ, ಮರ್ಯಾದೆ ಬರುತ್ತದೆ, ಕಳ್ಳ ಕದ್ದೊಯ್ಯಲಾರ. ಎರಡನೆಯದು ಬಂಗಾರ. ಮೂರನೆಯದು ಲೇವಾದೇವಿ: ಚಿನ್ನವನ್ನೋ ಗದ್ದೆಯನ್ನೋ ಅಡವಿಟ್ಟುಕೊಂಡು ಸಾಲ ಕೊಡುವುದು. ಇದರಲ್ಲಿ ಬಡ್ಡಿ ಹೆಚ್ಚು, ಜೊತೆಗೆ ಸಾಲಗಾರನ ಶಾಪವೂ. ಸ್ವಲ್ಪ ಇಂಗ್ಲಿಷ್ ಬಲ್ಲವರು, ವಕೀಲರು, ನಿವೃತ್ತ ಅಧಿಕಾರಿಗಳು ಸರ್ಕಾರಿ ಪ್ರಾಮಿಸರಿ ನೋಟು ಕೊಳ್ಳುತ್ತಿದ್ದರು. ಅದು ಭದ್ರ, ಆದರೆ ಶೇಕಡಾ ಮೂರೋ ಮೂರೂವರೆಯೋ ಬಡ್ಡಿ. ಅಷ್ಟಕ್ಕೆ ತೃಪ್ತರಾಗದವರಿಗೆ ಮದರಾಸಿನ ಬ್ರಿಟಿಷ್ ಕೋಠಿಗಳಿದ್ದವು. ಆರ್ಬತ್ನಾಟ್, ಪ್ಯಾರಿ, ಬಿನ್ನಿ ಮೊದಲಾದ ಈ ಕೋಠಿಗಳು ರಫ್ತು, ಆಮದು, ಏಜೆನ್ಸಿ, ಬ್ಯಾಂಕಿಂಗ್ ಹೀಗೆ ಹಲವು ವ್ಯವಹಾರಗಳಲ್ಲಿ ಕೈಯಾಡಿಸಿದ್ದವು. ಇವುಗಳಲ್ಲಿ ಖಾಸಗಿ ಬ್ಯಾಂಕಿಂಗಿಗೆ ಹೆಸರಾದದ್ದು ಆರ್ಬತ್ನಾಟ್. ಸಾಹೇಬರ ಘನತೆಯೇ ಅಲ್ಲಿ ಜಾಮೀನು. ಜಮೀನ್ದಾರರು, ನ್ಯಾಯಾಧೀಶರು, ಮಠಮಾನ್ಯಗಳು, ವಿಧವೆಯರು, ಪಿಂಚಣಿದಾರರು ಅಲ್ಲಿ ಹಣ ಇಟ್ಟಿದ್ದರು.

ಜಿಲ್ಲೆಯಲ್ಲಿ ಬ್ಯಾಂಕೇ ಇರಲಿಲ್ಲವೆಂದಲ್ಲ. ಬ್ಯಾಂಕ್ ಆಫ್ ಮದ್ರಾಸ್ ಎಂಬ ಪ್ರೆಸಿಡೆನ್ಸಿ ಬ್ಯಾಂಕಿನ ಶಾಖೆ 19ನೇ ಶತಮಾನದಲ್ಲೇ ಮಂಗಳೂರಿಗೆ ಬಂದಿತ್ತು. ಆದರೆ ಅದು ದೊಡ್ಡ ವರ್ತಕರಿಗೆ, ಕಾಫಿ ತೋಟದ ಸಾಹೇಬರಿಗೆ, ಸರ್ಕಾರಿ ಖಜಾನೆಗೆ ಮೀಸಲು. 1876ರ ಕಾಯಿದೆಯ ಪ್ರಕಾರ ಆ ಬ್ಯಾಂಕುಗಳು ಸ್ಥಿರಾಸ್ತಿಯ ಅಡಮಾನದ ಮೇಲೆ ಸಾಲ ಕೊಡುವಂತಿರಲಿಲ್ಲ. ಕೊಟ್ಟ ಸಾಲವೂ ಕೆಲವೇ ತಿಂಗಳ ಅವಧಿಯದು. ಉಡುಪಿಯ ಒಬ್ಬ ಗೇಣಿದಾರನೋ ಅಂಗಡಿಕಾರನೋ ಗುಮಾಸ್ತನೋ ಮಂಗಳೂರಿನ ಆ ಮೆಟ್ಟಿಲು ಹತ್ತುವುದು ಕನಸಿನ ಮಾತು. ಅವನ ಉಳಿತಾಯಕ್ಕೆ ಮಡಕೆ, ಅವನ ಸಾಲಕ್ಕೆ ಸಾಹುಕಾರ.

ಸ್ವದೇಶಿ ಚಳವಳಿಯ ಗಾಳಿ ಬಂಗಾಳದಿಂದ ದಕ್ಷಿಣಕ್ಕೂ ಬೀಸುತ್ತಿದ್ದ ಸಮಯ ಅದು. ಹಿಂದಿನ ವರ್ಷವಷ್ಟೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದ್ದರು. ಅಲ್ಲಿ ಊರಿನ ಪಾಟೀಲರು, ಇಲ್ಲಿ ಊರಿನ ವರ್ತಕರು. 1906ರ ಫೆಬ್ರುವರಿಯಲ್ಲಿ ಉಡುಪಿಯ ಹಿತಚಿಂತಕರ ಗುಂಪೊಂದು ಸಾರ್ವಜನಿಕ ಮನವಿಯನ್ನು ಹೊರಡಿಸಿತು. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಮಿತವ್ಯಯ, ಉಳಿತಾಯದ ಅಭ್ಯಾಸ ಬೆಳೆಸುವುದು ಮತ್ತು ನ್ಯಾಯವಾದ ಬಡ್ಡಿಗೆ ಸಾಲ ಸಿಗುವಂತೆ ಮಾಡುವುದು ಅದರ ಆಶಯ. ಗುಂಪಿನ ಮುಂದಾಳು ಹಾಜಿ ಅಬ್ದುಲ್ಲಾ. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು.

ಮಾರ್ಚ್ 12ರಂದು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್’ ಹಾಜಿಯವರ ಮನೆಯಲ್ಲೇ ಬಾಗಿಲು ತೆರೆಯಿತು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಗಲ್ಲಾಪೆಟ್ಟಿಗೆಗೆ ಬಂದದ್ದು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲವದು. ಈ ಮೊತ್ತದ ಬಾಲದಲ್ಲಿರುವ ಆ ಎರಡು ಪೈಗಳನ್ನು ಗಮನಿಸಬೇಕು. ಊರಿನ ಅತಿ ಶ್ರೀಮಂತನೊಬ್ಬ ಬ್ಯಾಂಕು ತೆರೆದರೆ ಅಲ್ಲಿಗೆ ಮೊದಲು ಅವನಂಥವರೇ ಥೈಲಿ ಹಿಡಿದು ಬರುತ್ತಾರೆಂದು ನಿರೀಕ್ಷಿಸಬಹುದು. ಬಂದದ್ದು ಪೈಗಳ ಲೆಕ್ಕ. ಶ್ರೀಮಂತರ ಸೇವೆಗೆ ಶ್ರೀಮಂತರು ಕಟ್ಟಿದ ಬ್ಯಾಂಕು ಇದಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೂಡಿಕೆಯ ದೃಷ್ಟಿಯಿಂದ ನೋಡಿದರೆ ಹಾಜಿಯವರ ಈ ನಿರ್ಧಾರ ವಿಚಿತ್ರವಾಗಿತ್ತು. ಅಷ್ಟು ಹಣವನ್ನು ಅವರೇ ನೇರವಾಗಿ ಬಡ್ಡಿಗೆ ಬಿಟ್ಟಿದ್ದರೆ ಹೆಚ್ಚು ಲಾಭವಿತ್ತು. ಪ್ರಾಮಿಸರಿ ನೋಟು ಕೊಂಡಿದ್ದರೆ ನೆಮ್ಮದಿಯಿತ್ತು. ಆದರೆ ಅವರು ಅಲ್ಲಿ ಹೂಡಿದ್ದು ಹಣಕ್ಕಿಂತ ಹೆಚ್ಚಾಗಿ ತಮ್ಮ ಹೆಸರನ್ನು. ಹಾಜಿಯವರ ಬ್ಯಾಂಕು ಎಂಬ ನಂಬಿಕೆ ಇಲ್ಲದಿದ್ದರೆ ಆ ಎರಡು ಪೈಗಳು ಮಡಕೆಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಕಾಗದದ ಮೇಲೆ ಬಂಡವಾಳ 5,000 ರೂಪಾಯಿ ಇರಬಹುದು; ನಿಜವಾದ ಬಂಡವಾಳ ಆ ಯುವಕನ ಮನೆತನದ ಪತ್ತು.

ಇಲ್ಲಿಗೇ ಕತೆ ನಿಂತಿದ್ದರೆ ಅದು ಸತ್ತಿಯ ರೈತ ವಿಚಾರಿಸುವ ಸಾಹುಕಾರನ ಹೆಸರಿನ ಕತೆಯೇ ಆಗುತ್ತಿತ್ತು. ಹೆಸರಿನ ಮೇಲಷ್ಟೇ ನಿಂತ ಬ್ಯಾಂಕಿನ ಗತಿ ಏನೆಂಬುದು ಅದೇ ವರ್ಷ ಇಡೀ ದಕ್ಷಿಣ ಭಾರತಕ್ಕೆ ತಿಳಿಯಿತು. 1906ರ ಅಕ್ಟೋಬರ್ 22ರಂದು ಮದರಾಸಿನ ಆರ್ಬತ್ನಾಟ್ ಕೋಠಿ ಬಾಗಿಲು ಹಾಕಿತು. ಅದು ಪಾಲುದಾರರ ಖಾಸಗಿ ಸಂಸ್ಥೆ. ಠೇವಣಿದಾರರ ಹಣ, ಪಾಲುದಾರರ ಹಣ, ಅವರ ಸಟ್ಟಾ ವ್ಯವಹಾರ ಇವುಗಳ ನಡುವೆ ಗೋಡೆಯೆಂಬುದೇ ಇರಲಿಲ್ಲ. ಲಂಡನ್ನಿನಲ್ಲಿದ್ದ ಪಾಲುದಾರ ಮ್ಯಾಕ್‌ಫೇಡಿಯನ್ ಊಹಾಪೋಹದ ವ್ಯಾಪಾರದಲ್ಲಿ ಹಣ ಕಳೆದು ಪ್ರಾಣ ತೆತ್ತ. ಅದರ ಬೆನ್ನಿಗೇ ಮದರಾಸಿನ ಕೋಠಿಯೂ ಕುಸಿಯಿತು. ಸಾವಿರಾರು ಮಂದಿ ಜೀವಮಾನದ ಗಳಿಕೆ ಕಳೆದುಕೊಂಡರು. ಸರ್ ಜಾರ್ಜ್ ಆರ್ಬತ್ನಾಟ್‌ಗೆ 18 ತಿಂಗಳ ಕಠಿಣ ಸಜೆಯಾಯಿತು. ಹಣ ಕಳೆದುಕೊಂಡವರ ಪರ ಓಡಾಡಿದ ಮದರಾಸಿನ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂದಿನ ವರ್ಷ ಇಂಡಿಯನ್ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು.

ಉಡುಪಿಯ ಬ್ಯಾಂಕಿಗೆ ಆಗ ಏಳು ತಿಂಗಳು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಜುಲೈ 1ರಂದು ಆರಂಭಿಸಿದ್ದ ಕೆನರಾ ಹಿಂದೂ ಪರ್ಮನೆಂಟ್ ಫಂಡಿಗೆ (ಮುಂದೆ ಕೆನರಾ ಬ್ಯಾಂಕ್ ಆದದ್ದು ಅದೇ) ನಾಲ್ಕು ತಿಂಗಳೂ ತುಂಬಿರಲಿಲ್ಲ. ಎರಡೂ ಸಂಸ್ಥೆಗಳು ಆ ಬಿರುಗಾಳಿಯಲ್ಲಿ ಉಳಿದುಕೊಂಡವು. ಎರಡೂ ಸಣ್ಣವು, ಎರಡೂ ಕಣ್ಣೆದುರಿಗೆ ಇದ್ದವರಿಗೆ ಮಾತ್ರ ಸಾಲ ಕೊಡುತ್ತಿದ್ದಂಥವು ಎಂಬುದು ಒಂದು ಕಾರಣವಿರಬಹುದು. ಅದಕ್ಕಿಂತ ಮುಖ್ಯವಾದದ್ದು ಉಡುಪಿಯ ಬ್ಯಾಂಕಿನ ಹೆಸರಿನ ಕೊನೆಯಲ್ಲಿದ್ದ ‘ಲಿಮಿಟೆಡ್’ ಎಂಬ ಪದ. ಕಂಪನಿ ಕಾಯಿದೆಯ ಅಡಿಯಲ್ಲಿ ನೋಂದಣಿಯಾದ ಸಂಸ್ಥೆ ಅದರ ಷೇರುದಾರರಿಂದ ಬೇರೆಯಾದ ಒಂದು ವ್ಯಕ್ತಿ. ಅದಕ್ಕೆ ಅದರದೇ ಲೆಕ್ಕಪುಸ್ತಕ, ಅದರದೇ ನಿರ್ದೇಶಕ ಮಂಡಳಿ, ಅದರದೇ ತಿಜೋರಿ. ಹಾಜಿಯವರು ಬ್ಯಾಂಕಿನ ಅಧ್ಯಕ್ಷರಾಗಿದ್ದರು. ಆದರೆ ಬ್ಯಾಂಕು ಹಾಜಿಯವರ ಥೈಲಿಯಾಗಿರಲಿಲ್ಲ.

ಇಂದು ಇದು ತೀರ ಸಾಮಾನ್ಯ ಸಂಗತಿಯಂತೆ ಕಂಡೀತು. ಆಗ ಹಾಗಿರಲಿಲ್ಲ. ಬ್ಯಾಂಕು ಅವರದೇ ಮನೆಯಲ್ಲಿ ನಡೆಯುತ್ತಿತ್ತು, ಊರಿನವರ ಬಾಯಲ್ಲಿ ಅದು ಅವರದೇ ಹೆಸರಿನ ಬ್ಯಾಂಕು. ಒಂದೇ ಸೂರಿನಡಿ ಎರಡು ತಿಜೋರಿಗಳನ್ನು ಇಟ್ಟುಕೊಂಡು ಒಂದರ ಕೀಲಿಕೈ ಇನ್ನೊಂದಕ್ಕೆ ತಗುಲದಂತೆ ನೋಡಿಕೊಳ್ಳುವುದಕ್ಕೆ ಕಾಯಿದೆಯೊಂದೇ ಸಾಲದು.

ಬ್ಯಾಂಕು ಅವಸರಪಡಲಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಅಂದರೆ ಹದಿನೇಳು ವರ್ಷಗಳ ನಂತರ. ಮಂಗಳೂರಿನ ರಥಬೀದಿಗೆ ಬಂದದ್ದು 1926ರಲ್ಲಿ. ಈ ನಡುವೆ, 1913ರಿಂದ ಕೆಲವು ವರ್ಷ, ಸ್ವದೇಶಿ ಉತ್ಸಾಹದಲ್ಲಿ ಹುಟ್ಟಿದ್ದ ಹತ್ತಾರು ಬ್ಯಾಂಕುಗಳು ದೇಶದಾದ್ಯಂತ ಮುಳುಗಿದವು. ಲಾಹೋರಿನ ಪೀಪಲ್ಸ್ ಬ್ಯಾಂಕ್, ಬೊಂಬಾಯಿಯ ಇಂಡಿಯನ್ ಸ್ಪೀಷಿ ಬ್ಯಾಂಕ್ ಅವುಗಳಲ್ಲಿ ದೊಡ್ಡವು. ಹದಿನೇಳು ವರ್ಷ ಒಂದೇ ಊರಿನಲ್ಲಿ ಕುಳಿತ ಉಡುಪಿಯ ಬ್ಯಾಂಕಿನ ನಿಧಾನವನ್ನು ಹೇಡಿತನ ಎನ್ನುವವರು ಆಗಲೂ ಇದ್ದಿರಬೇಕು.

ದಕ್ಷಿಣ ಕನ್ನಡ ಭಾರತೀಯ ಬ್ಯಾಂಕಿಂಗಿನ ತೊಟ್ಟಿಲು ಎಂಬ ಮಾತು ಸವೆದು ಹೋಗಿದೆ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಹೀಗೆ ಸಾಲು ಬೆಳೆಯುತ್ತದೆ. ಅಲ್ಲಿನ ಅನೇಕ ಬ್ಯಾಂಕುಗಳು ಮೊದಲಿಗೆ ತಮ್ಮ ತಮ್ಮ ಸಮುದಾಯದ ನೆಲೆಯಲ್ಲಿ ಹುಟ್ಟಿದವು. ಆ ಕಾಲಕ್ಕೆ ಅದು ಸಹಜವೂ ಆಗಿತ್ತು, ಏಕೆಂದರೆ ಸಾಲ ಕೇಳಲು ಬಂದವನ ಮನೆತನ ಗೊತ್ತಿರುವುದು ಆಗಿನ ಮುಖ್ಯ ಭದ್ರತೆ. ಮುಸ್ಲಿಂ ವರ್ತಕನೊಬ್ಬನ ಅಧ್ಯಕ್ಷತೆಯಲ್ಲಿ, ಅಷ್ಟಮಠಗಳ ಊರಿನಲ್ಲಿ, ಎಲ್ಲ ಜಾತಿಯವರ ಪೈಗಳನ್ನು ಒಟ್ಟುಗೂಡಿಸಿದ ಹಾಜಿಯವರ ಬ್ಯಾಂಕು ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇದನ್ನು ಕೋಮು ಸಾಮರಸ್ಯದ ಭಾಷಣಕ್ಕೆ ಬಳಸುವವರೇ ಹೆಚ್ಚು. ಅದು ವ್ಯಾವಹಾರಿಕ ಜಾಣ್ಮೆಯೂ ಆಗಿತ್ತು. ಒಂದೇ ಸಮುದಾಯದವರು, ಒಂದೇ ಕಸುಬಿನವರು ಠೇವಣಿದಾರರೂ ಸಾಲಗಾರರೂ ಆಗಿದ್ದರೆ ಆ ಕಸುಬಿಗೆ ಪೆಟ್ಟು ಬಿದ್ದ ದಿನ ಬ್ಯಾಂಕಿಗೂ ಪೆಟ್ಟು. ಹಣವನ್ನು ನಾಲ್ಕು ಕಡೆ ಹಂಚಿಡಬೇಕೆಂದು ಇಂದಿನ ಹೂಡಿಕೆ ಸಲಹೆಗಾರರು ಹೇಳುವ ಪಾಠ ಇದೇ.

ಬ್ಯಾಂಕಿನ ತಿಜೋರಿಯ ವಿಷಯ ಇದಾಯಿತು. ಇನ್ನೊಂದು ತಿಜೋರಿ, ಅವರ ಸ್ವಂತದ್ದು, ಬೇರೆಯೇ ರೀತಿಯಲ್ಲಿ ನಡೆಯುತ್ತಿತ್ತು. ಅದಕ್ಕೆ ಬಾಗಿಲೇ ಇರಲಿಲ್ಲವೆಂದು ತೋರುತ್ತದೆ. ಅಕ್ಕಿಗೆ ಬರ ಬಂದಾಗ ಹೊರಗಿನಿಂದ ತರಿಸಿ ಹಂಚಿದರೆಂದು, ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಕೊಟ್ಟರೆಂದು, ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಲಿಲ್ಲವೆಂದು ಉಡುಪಿಯ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಬ್ರಿಟಿಷ್ ಸರ್ಕಾರ ಖಾನ್ ಬಹದ್ದೂರ್ ಬಿರುದು ಕೊಟ್ಟಿತು. ಮದರಾಸು ಶಾಸನ ಪರಿಷತ್ತಿನ ಸದಸ್ಯರಾದರು. ಬಿರುದು, ಸದಸ್ಯತ್ವ ಎರಡೂ ಆದಾಯ ತರುವಂಥವಲ್ಲ, ಖರ್ಚು ತರುವಂಥವು. ಉಡುಪಿಯಲ್ಲಿ ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆಗೆಂದು ಪಟ್ಟಣದ ನಡುವೆ ಸುಮಾರು ನಾಲ್ಕು ಎಕರೆ ಜಾಗ ಕೊಟ್ಟರು. ಹೆರಿಗೆಯೆಂದರೆ ಮನೆಯ ಕತ್ತಲೆ ಕೋಣೆ, ಸೂಲಗಿತ್ತಿ ಮತ್ತು ದೈವಕೃಪೆ ಎಂದಿದ್ದ ಕಾಲದಲ್ಲಿ ಅದು ಎಂಥ ಕೊಡುಗೆ ಎಂದು ಊಹಿಸಿಕೊಳ್ಳಬೇಕು.

1929ರಲ್ಲಿ ಹಾಜಿಯವರು ಬ್ಯಾಂಕಿನ ಅಧ್ಯಕ್ಷ ಸ್ಥಾನದಿಂದ ಹೊರಬಂದರು. ಇಪ್ಪತ್ತಮೂರು ವರ್ಷಗಳ ನಂತರ. ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ಕವಿದ ವರ್ಷ ಅದು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಅಕ್ಕಿ, ತೆಂಗು, ಅಡಿಕೆ, ಮೆಣಸು ಎಲ್ಲದರ ಬೆಲೆ ನೆಲಕಚ್ಚಿತು; ಭೂಮಿ ಮತ್ತು ವ್ಯಾಪಾರವನ್ನು ನಂಬಿದ ಎಷ್ಟೋ ಹಳೆಯ ಮನೆತನಗಳು ಬರಿದಾದವು. ಹಾಜಿಯವರ ಸಂಪತ್ತೂ ಕರಗಿ ಹೋಯಿತು. 1935ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವರ ವಯಸ್ಸು ಐವತ್ತಮೂರರ ಆಸುಪಾಸು. ಒಂದು ಕಾಲದ ಸಿರಿ ಆಗ ಉಳಿದಿರಲಿಲ್ಲ. ಕೊಟ್ಟೂ ಕೊಟ್ಟೂ ಬಡವರಾದರು ಎಂದು ಜನ ಹೇಳುತ್ತಾರೆ. ಕೊಟ್ಟದ್ದರಿಂದಲೇ ಎಲ್ಲ ಹೋಯಿತೆಂಬುದು ಭಕ್ತಿಯ ಮಾತು; ವರ್ತಕನ ಬದುಕಿನಲ್ಲಿ ಮಾರುಕಟ್ಟೆಯ ಪಾಲೂ ಇದ್ದೇ ಇರುತ್ತದೆ.

ಇಲ್ಲೊಂದು ಪ್ರಶ್ನೆ ಕೇಳಲೇಬೇಕು. ಇಂದಿನ ಖಾಸಗಿ ಬ್ಯಾಂಕಿನ ಸಂಪತ್ತು ನಿರ್ವಹಣಾಧಿಕಾರಿಯೊಬ್ಬ ಆಗ ಹಾಜಿಯವರ ಬಳಿ ಇದ್ದಿದ್ದರೆ ಏನು ಹೇಳುತ್ತಿದ್ದ? ಮೊದಲು ಕುಟುಂಬಕ್ಕೆಂದು ಒಂದು ಟ್ರಸ್ಟು ಮಾಡಿಸಿ ಅನ್ನುತ್ತಿದ್ದ. ಅದಕ್ಕೆ ಬೇಕಾದ ಭಾರತೀಯ ಟ್ರಸ್ಟುಗಳ ಕಾಯಿದೆ 1882ರದು, ಅಂದರೆ ಹಾಜಿಯವರ ವಾರಿಗೆಯದೇ. ವ್ಯಾಪಾರದ ಹಣ, ಮನೆಯ ಹಣ, ದಾನದ ಹಣ ಮೂರನ್ನೂ ಬೇರೆ ಮಾಡಿ ಅನ್ನುತ್ತಿದ್ದ. ಒಂದು ಪಾಲನ್ನು ಸರ್ಕಾರಿ ಪತ್ರಗಳಲ್ಲಿ ಮುಟ್ಟದಂತೆ ಇಡಿಸುತ್ತಿದ್ದ. ಸಲಹೆ ತಪ್ಪೇನಲ್ಲ. ಬ್ಯಾಂಕಿನ ವಿಷಯದಲ್ಲಿ ಇದನ್ನೆಲ್ಲ ತಾವೇ ಮಾಡಿದ ಮನುಷ್ಯ ತಮ್ಮ ಸ್ವಂತದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ ಎಂಬುದು ಕಣ್ಣಿಗೆ ಹೊಡೆಯುವ ಸಂಗತಿ. ಮನೆಯವರ ದೃಷ್ಟಿಯಿಂದ ನೋಡಿದರೆ ಅದನ್ನು ಹೊಗಳುವುದೂ ಕಷ್ಟ. ತಂದೆಯ ಕೀರ್ತಿ ಮಕ್ಕಳ ಊಟವಾಗುವುದಿಲ್ಲ.

ಆದರೆ ಅದೇ ಅಧಿಕಾರಿ ಇನ್ನೊಂದು ಸಂಗತಿಯನ್ನು ಹೇಳದೆ ಉಳಿಯುತ್ತಿದ್ದ. ಆತ ಯಾರ ಕೆಲಸಗಾರ? ಗ್ರಾಹಕನ ಎದುರು ಕುಳಿತು ಗ್ರಾಹಕನ ಹಿತ ಮಾತನಾಡುವ ಆತನಿಗೆ ಸಂಬಳ ಬರುವುದು ಬ್ಯಾಂಕಿನಿಂದ, ಬ್ಯಾಂಕಿಗೆ ಕಮಿಷನ್ ಬರುವುದು ಮಾರಿದ ಸರಕಿನಿಂದ. ನಮ್ಮಲ್ಲಿ ಪೋರ್ಟ್‌ಫೋಲಿಯೊ ನಿರ್ವಹಣಾ ಸೇವೆಗೆ ಕನಿಷ್ಠ 50 ಲಕ್ಷ ರೂಪಾಯಿ, ಪರ್ಯಾಯ ಹೂಡಿಕೆ ನಿಧಿಗಳಿಗೆ ಸಾಮಾನ್ಯವಾಗಿ ಕನಿಷ್ಠ ಒಂದು ಕೋಟಿ ಎಂದು ಸೆಬಿ ಗೆರೆ ಎಳೆದಿದೆ. ಅಷ್ಟು ಹಣವಿರುವವನು ತನ್ನ ಒಳಿತು ಕೆಡುಕು ತಾನೇ ಬಲ್ಲ ಎಂಬುದು ಆ ಗೆರೆಯ ಹಿಂದಿನ ನಂಬಿಕೆ. ಯೆಸ್ ಬ್ಯಾಂಕಿನ ಪ್ರಕರಣ ಆ ನಂಬಿಕೆಯನ್ನು ಅಲ್ಲಾಡಿಸಿತು. ಸಂಕಟ ಬಂದರೆ ಪೂರ್ತಿ ಬರೆದುಹಾಕಬಹುದಾದ ‘ಎಟಿ-1’ ಎಂಬ ಬಾಂಡುಗಳನ್ನು ಆ ಬ್ಯಾಂಕಿನ ಸಂಪತ್ತು ನಿರ್ವಹಣಾ ವಿಭಾಗ 1,300ಕ್ಕೂ ಹೆಚ್ಚು ವ್ಯಕ್ತಿಗಳಿಗೆ ಮಾರಿತ್ತು. ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನ ಮುರಿದು ಇದನ್ನು ಕೊಂಡವರೂ ಅವರಲ್ಲಿದ್ದರು. 2020ರ ಮಾರ್ಚಿನಲ್ಲಿ 8,415 ಕೋಟಿ ರೂಪಾಯಿಯ ಅಂಥ ಬಾಂಡುಗಳನ್ನು ಒಂದೇ ಏಟಿಗೆ ಶೂನ್ಯವೆಂದು ಘೋಷಿಸಲಾಯಿತು. ಅಪಾಯವನ್ನು ಸರಿಯಾಗಿ ತಿಳಿಸದೆ ಮಾರಲಾಯಿತೆಂದು ಸೆಬಿ 2021ರಲ್ಲಿ ಬ್ಯಾಂಕಿಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಬ್ಯಾಂಕು ಮೇಲ್ಮನವಿ ಸಲ್ಲಿಸಿತು. ಬಾಂಡುಗಳನ್ನು ಬರೆದುಹಾಕಿದ್ದೇ ಸರಿಯಲ್ಲವೆಂದು ಬಾಂಬೆ ಹೈಕೋರ್ಟ್ 2023ರಲ್ಲಿ ಹೇಳಿದ ಮೇಲೆ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹಣವಂತನೆಂದರೆ ತಿಳಿವಳಿಕೆಯುಳ್ಳವನೇ ಆಗಬೇಕಿಲ್ಲ. ಆರ್ಬತ್ನಾಟ್‌ನಲ್ಲಿ ಹಣವಿಟ್ಟ ನ್ಯಾಯಾಧೀಶರೂ ತಿಳಿವಳಿಕೆಯುಳ್ಳವರೇ ಆಗಿದ್ದರಲ್ಲ.

ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿದೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿದಾಗ ಸರತಿಯಲ್ಲಿ ನಿಂತವರಲ್ಲಿ ನಿವೃತ್ತ ನೌಕರರು ಬಹಳ. ಬೇರೆ ಬ್ಯಾಂಕುಗಳಿಗಿಂತ ಹೆಚ್ಚಿನ ಬಡ್ಡಿ ಮತ್ತು ಗೌರವಾನ್ವಿತ ಹೆಸರು ಇವೆರಡೂ ಅವರನ್ನು ಅಲ್ಲಿಗೆ ಸೆಳೆದಿದ್ದವು. ಅದು ಬ್ಯಾಂಕ್ ಆಗಿದ್ದುದರಿಂದ ಠೇವಣಿ ವಿಮೆಯ ಆಸರೆಯಾದರೂ ಇತ್ತು; ಆ ವಿಮೆಯ ಮಿತಿಯನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದು ಅದೇ ವರ್ಷದ ಫೆಬ್ರುವರಿಯಲ್ಲಿ. ಸತ್ತಿ, ಅಥಣಿ ಕಡೆಯ ಪತ್ತಿನ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಆ ವಿಮೆ ಇಲ್ಲ. ಅವು ಕಾಯಿದೆಯ ಪ್ರಕಾರ ಬ್ಯಾಂಕುಗಳಲ್ಲ. ಸಾಹುಕಾರನ ಹೆಸರು ನೋಡಿ ಹಣವಿಟ್ಟ ರೈತನಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಅನೇಕ ಇವೆ, ಊರಿನ ಕಷ್ಟಕಾಲಕ್ಕೆ ಆಗಿಬಂದಿವೆ. ಆದರೆ ಸಾಹುಕಾರನ ಸಾಲ ಯಾವ ಸಂಘದ ಪುಸ್ತಕದಲ್ಲಿದೆ, ಅವನ ಭಾವಮೈದುನನ ಸಾಲ ಯಾವ ಪುಸ್ತಕದಲ್ಲಿದೆ ಎಂದು ವಾರ್ಷಿಕ ಸಭೆಯಲ್ಲಿ ಎದ್ದು ಕೇಳುವ ಸದಸ್ಯನೇ ಅಲ್ಲಿ ನಿಜವಾದ ವಿಮೆ. ಊರಿನ ದೊಡ್ಡವರೆದುರು ಹಾಗೆ ಕೇಳುವುದು ಎಷ್ಟು ಕಷ್ಟವೆಂದು ಹಳ್ಳಿಯಲ್ಲಿ ಬದುಕಿದವರಿಗೆ ಹೇಳಬೇಕಿಲ್ಲ.

ಹಾಜಿಯವರು ಹೋದ ಮೇಲೆಯೂ ಅವರ ಬ್ಯಾಂಕು ನಡೆಯಿತು. ಸಂಸ್ಥಾಪಕರ ಸಿರಿ ಕರಗಿದ ವರ್ಷಗಳಲ್ಲಿ ಅದು ಕರಗಲಿಲ್ಲ. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಆ್ಯಂಡ್ ಕ್ವಿಲಾನ್ ಬ್ಯಾಂಕ್ ಕುಸಿದು ದಕ್ಷಿಣದ ಬ್ಯಾಂಕುಗಳೆಲ್ಲ ತತ್ತರಿಸಿದಾಗಲೂ ಉಳಿಯಿತು. ಹೆಸರಿನಿಂದ ‘ಉಡುಪಿ’ ಬಿಟ್ಟುಹೋಯಿತು, ಕೇಂದ್ರ ಕಚೇರಿ ಮಂಗಳೂರಿಗೆ ಹೋಯಿತು, 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1980ರ ಏಪ್ರಿಲಿನಲ್ಲಿ ರಾಷ್ಟ್ರೀಕರಣಗೊಂಡಾಗ ಹಳೆಯ ಷೇರುದಾರರಿಗೆ ಪರಿಹಾರ ಕೊಟ್ಟು ಸರ್ಕಾರವೇ ಮಾಲೀಕನಾಯಿತು. 1997ರಲ್ಲಿ ಮತ್ತೆ ಷೇರುಪೇಟೆಗೆ ಬಂತು, 2006ರಲ್ಲಿ ನೂರು ವರ್ಷ ತುಂಬಿಸಿತು. ಆ ಹೊತ್ತಿಗೆ ಹಾಜಿಯವರ ಹೆಸರು ಶತಮಾನೋತ್ಸವದ ಭಾಷಣಗಳ ಮೊದಲ ಪ್ಯಾರಾಕ್ಕೆ ಸೀಮಿತವಾಗಿತ್ತು. ಬ್ಯಾಂಕು ಹುಟ್ಟಿದ ಉಡುಪಿಯ ಅವರ ಮನೆ ಮುಂದೆ ನಾಣ್ಯ ಸಂಗ್ರಹಾಲಯವಾಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಕರಗಿತು. ವಿಜಯಾ ಬ್ಯಾಂಕ್ ಹಿಂದಿನ ವರ್ಷವೇ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಕರಾವಳಿಯವರಿಗೆ ಅದು ಮನೆಯ ಹಿರಿಯರನ್ನು ಕಳೆದುಕೊಂಡಂಥ ಸಂಕಟ. ಠೇವಣಿದಾರರ ಹಣ ಮಾತ್ರ ಒಂದು ಪೈಯೂ ಕಡಿಮೆಯಾಗದೆ ಹೊಸ ಹೆಸರಿನ ಪುಸ್ತಕಕ್ಕೆ ಹೋಯಿತು.

ಆಸ್ಪತ್ರೆಯ ಜಾಗಕ್ಕೆ ಒದಗಿದ ಕತೆ ಬೇರೆ. ಹಾಜಿಯವರು ಕೊಟ್ಟ ನೆಲದಲ್ಲಿ ದಶಕಗಳ ಕಾಲ ಸರ್ಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ ನಡೆಯಿತು. ಅಲ್ಲಿ ಹೊಸ ಆಸ್ಪತ್ರೆ ಕಟ್ಟಿ ನಡೆಸುವ ಹೊಣೆಯನ್ನು ರಾಜ್ಯ ಸರ್ಕಾರ ಉಡುಪಿ ಮೂಲದ ಇನ್ನೊಬ್ಬ ಮಹಾ ಶ್ರೀಮಂತ, ಅಬುಧಾಬಿಯಲ್ಲಿ ಸಾಮ್ರಾಜ್ಯ ಕಟ್ಟಿದ್ದ ಬಿ.ಆರ್. ಶೆಟ್ಟಿಯವರ ಸಂಸ್ಥೆಗೆ ವಹಿಸಿತು. ದಾನದ ಜಾಗವನ್ನು ಖಾಸಗಿಯವರಿಗೆ ಕೊಡುವುದನ್ನು ವಿರೋಧಿಸಿ ಊರಿನಲ್ಲಿ ದನಿಗಳೆದ್ದವು. ಶೆಟ್ಟಿಯವರ ತಂದೆತಾಯಿಯ ಹೆಸರಿನೊಂದಿಗೆ ಹಾಜಿ ಅಬ್ದುಲ್ಲಾ ಹೆಸರನ್ನೂ ಉಳಿಸಿಕೊಂಡ 200 ಹಾಸಿಗೆಗಳ ತಾಯಿ ಮತ್ತು ಮಕ್ಕಳ ಆಸ್ಪತ್ರೆ 2017ರಲ್ಲಿ ಆರಂಭವಾಯಿತು. ಕಟ್ಟಡ ಚೆನ್ನಾಗಿತ್ತು, ಚಿಕಿತ್ಸೆ ಉಚಿತವಾಗಿತ್ತು. 2020ರ ಏಪ್ರಿಲಿನಲ್ಲಿ, ಮುಚ್ಚಿಟ್ಟಿದ್ದ ಭಾರಿ ಸಾಲ ಬಯಲಾಗಿ, ಶೆಟ್ಟಿಯವರು ಸ್ಥಾಪಿಸಿದ್ದ ಎನ್‌ಎಂಸಿ ಹೆಲ್ತ್ ಲಂಡನ್ನಿನಲ್ಲಿ ಆಡಳಿತಾಧಿಕಾರಿಗಳ ಕೈಸೇರಿತು. ತಮಗೆ ತಿಳಿಯದಂತೆ ವಂಚನೆ ನಡೆದಿದೆ ಎಂಬುದು ಶೆಟ್ಟಿಯವರ ವಾದ. ಏನೇ ಇರಲಿ, ಅಲ್ಲಿ ಕುಸಿದದ್ದರ ಪೆಟ್ಟು ಉಡುಪಿಯ ಹೆರಿಗೆ ವಾರ್ಡಿಗೂ ಬಡಿಯಿತು. ಸಿಬ್ಬಂದಿಗೆ ಸಂಬಳ ಸಿಗದೆ ಪ್ರತಿಭಟನೆಗಳಾದವು, ಕೊನೆಗೆ ಸರ್ಕಾರವೇ ಆಸ್ಪತ್ರೆಯ ಹೊಣೆಯನ್ನು ಮತ್ತೆ ಹೊತ್ತುಕೊಂಡಿತು. ಒಬ್ಬನ ಸಂಪತ್ತು ಮುಳುಗಿದಾಗ ಅದರ ಆಸರೆಯಲ್ಲಿದ್ದ ಆಸ್ಪತ್ರೆಯೂ ತೂಗಾಡಿತು. ಹಾಜಿಯವರು ಕೊಟ್ಟ ನೆಲ ಮಾತ್ರ, ಅವರ ಸಂಪತ್ತೆಲ್ಲ ಮುಗಿದು ತೊಂಬತ್ತು ವರ್ಷಗಳಾದರೂ, ಆಸ್ಪತ್ರೆಯ ನೆಲವಾಗಿಯೇ ಉಳಿದಿದೆ. ಉಡುಪಿ ಸೀಮೆಯ ಹೆಂಗಸರು ಈಗಲೂ ಅಲ್ಲಿಗೆ ಹೆರಿಗೆಗೆ ಬರುತ್ತಾರೆ.